ಮೊದಲು ಎಣಿಸಿ, ಆಮೇಲೆ ಜೆಸಿಬಿ ಮಾತು: ಕರ್ನಾಟಕದ ಶಾಸಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಮಾನ್ಯ ಸದಸ್ಯರಿಗೆ

ವಿಷಯ: ಯಾವ ಪಟ್ಟಿಗೂ ಸೇರದ ಶೆಡ್, ಜೋಪಡಿಗಳಲ್ಲಿ ಇರುವವರಿಗೆ ವಸತಿ ಹಕ್ಕಿನ ಕಾನೂನು ತರುವ ಬಗ್ಗೆ

ಮಾನ್ಯರೇ,

ನಮಸ್ಕಾರ. ಈ ಪತ್ರವನ್ನು ಒಬ್ಬ ಮಂತ್ರಿಗೋ ಒಂದು ಇಲಾಖೆಗೋ ಬರೆಯದೆ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ನಾನು ಹೇಳುವ ವಿಷಯದಲ್ಲಿ ಯಾವ ಪಕ್ಷದ ಸರ್ಕಾರ ಇದ್ದರೂ ಆಗಿದ್ದು ಹೆಚ್ಚುಕಮ್ಮಿ ಒಂದೇ. ತಪ್ಪು ಅಧಿಕಾರಿಗಳ ಕೆಲಸದಲ್ಲಿ ಮಾತ್ರ ಇಲ್ಲ, ಕಾನೂನಿನಲ್ಲೇ ಒಂದು ದೊಡ್ಡ ತೂತು ಇದೆ. ಆ ತೂತು ಮುಚ್ಚುವ ಕೆಲಸ ನಿಮ್ಮದು, ಅದಕ್ಕೇ ನಿಮಗೆ.

ಮೊದಲು ನನ್ನ ಬಗ್ಗೆ ಎರಡು ಮಾತು. ಬೆಂಗಳೂರಿನ ಪೂರ್ವ ಭಾಗದಲ್ಲಿ ಇದ್ದೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಭಾನುವಾರ ಕೆಲವು ಗೆಳೆಯರು ಸೇರಿ ಹತ್ತಿರದ ಶೆಡ್‌ಗಳ ಕಡೆ ಹೋಗುತ್ತೇವೆ. ಲೇಬರ್ ಕಾರ್ಡಿನ ಫಾರಂ, ಆಧಾರ್ ತಿದ್ದುಪಡಿ, ಮಕ್ಕಳ ಟಿಸಿ, ವಿಧವಾ ಪಿಂಚಣಿ, ಹೀಗೆ ಕಾಗದಪತ್ರದ ಕೆಲಸ ಮಾಡಿಕೊಡುತ್ತೇವೆ. ದೊಡ್ಡ ಸಮಾಜಸೇವೆ ಏನಲ್ಲ. ಆದರೆ ಇದೇ ಕೆಲಸ ಮಾಡುತ್ತಾ ಮಾಡುತ್ತಾ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಈ ಜನರ ಹತ್ತಿರ ಎಲ್ಲ ಕಾರ್ಡೂ ಇವೆ. ಇರುವ ಜಾಗಕ್ಕೆ ಮಾತ್ರ ಒಂದು ಚೀಟಿಯೂ ಇಲ್ಲ.

ನೀವೂ ಆ ಶೆಡ್‌ಗಳನ್ನು ನೋಡಿಯೇ ಇರುತ್ತೀರಿ. ಅಪಾರ್ಟ್‌ಮೆಂಟ್ ಎದ್ದು ನಿಲ್ಲುವ ಕಡೆಯಲ್ಲೆಲ್ಲ ಪಕ್ಕದ ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲಿನ್ ಹೊದ್ದು ಸಾಲಾಗಿ ನಿಂತಿರುತ್ತವೆ. ಒಳಗೆ ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರದಿಂದ ಗಾರೆ ಕೆಲಸಕ್ಕೆ ಬಂದವರು. ಇನ್ನು ಕೆಲವು ಕಡೆ ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂನಿಂದ ಬಂದವರು. ಮನೆಕೆಲಸ, ಕಸ ವಿಂಗಡಣೆ, ಸೆಕ್ಯುರಿಟಿ ಕೆಲಸ ಅವರದು.

ಜಾಸ್ತಿ ಜನ ಅಂದುಕೊಂಡಿರುವುದು ಇವರು ಎಲ್ಲೋ ಸರ್ಕಾರಿ ಜಾಗ ಹಿಡಿದು ಪುಕ್ಕಟೆ ಕೂತಿದ್ದಾರೆ ಅಂತ. ನಾನು ನೋಡಿದ ಕಡೆಯಲ್ಲೆಲ್ಲ ಬಾಡಿಗೆ ಇದೆ. ಜಾಗದ ಮಾಲೀಕ ಎಲ್ಲೋ ಇರುತ್ತಾನೆ, ಅವನ ಪರವಾಗಿ ಒಬ್ಬ ಬಂದು ತಿಂಗಳು ತಿಂಗಳು ವಸೂಲಿ ಮಾಡುತ್ತಾನೆ. ಶೆಡ್ ಹಾಕುವಾಗ ಅಡ್ವಾನ್ಸ್ ಕೊಡಬೇಕು. ಬಿದಿರು, ಶೀಟು, ಟಾರ್ಪಾಲು ಅವರದೇ ಖರ್ಚು. ಒಂದು ಬಲ್ಬಿಗೆ ಒಂದು ರೇಟು, ಫ್ಯಾನ್ ಹಾಕಿದರೆ ಇನ್ನೊಂದು ರೇಟು. ನೀರು ಟ್ಯಾಂಕರಿನದು, ಡ್ರಮ್ ಲೆಕ್ಕದಲ್ಲಿ ದುಡ್ಡು. ರಸೀದಿ ಮಾತ್ರ ಯಾವುದಕ್ಕೂ ಇಲ್ಲ. ಚದರಡಿ ಲೆಕ್ಕ ಹಾಕಿ ನೋಡಿದರೆ ಮಣ್ಣಿನ ನೆಲಕ್ಕೆ ಇವರು ಕೊಡುವ ಬಾಡಿಗೆ ಅಂಥ ಕಮ್ಮಿ ಏನೂ ಅಲ್ಲ.

ಇನ್ನು ನಾನು ಕಣ್ಣಾರೆ ಕಂಡಿದ್ದು. ಯಾವ ಇಲಾಖೆ, ಯಾವ ಏರಿಯಾ ಅಂತ ಬರೆಯುವುದಿಲ್ಲ. ಹೆಸರು ಹೇಳಿದರೆ ಆ ಒಬ್ಬ ಅಧಿಕಾರಿಯ ವರ್ಗಾವಣೆಗೆ ಮಾತು ಮುಗಿದುಹೋಗುತ್ತದೆ, ಅದು ನನಗೆ ಬೇಕಿಲ್ಲ. ಪರೀಕ್ಷೆ ಸಮಯ. ಬೆಳಿಗ್ಗೆ ಗಂಡಸರು ಹೆಂಗಸರು ಎಲ್ಲ ಕೆಲಸಕ್ಕೆ ಹೋದ ಮೇಲೆ ಜೆಸಿಬಿ ಬಂತು. ಜೊತೆಗೆ ಪೊಲೀಸರು. ಶೆಡ್‌ಗಳಲ್ಲಿ ಇದ್ದವರು ವಯಸ್ಸಾದವರು, ಒಬ್ಬ ಬಾಣಂತಿ, ಶಾಲೆಗೆ ಹೋಗದ ಚಿಕ್ಕ ಮಕ್ಕಳು. ಅಕ್ಕಪಕ್ಕದವರು ಫೋನ್ ಮಾಡಿದ್ದರಿಂದ ನಾವು ಒಂದಿಬ್ಬರು ಹೋದೆವು. ಅಷ್ಟರಲ್ಲಿ ಒಂದು ಸಾಲು ನೆಲಸಮ ಆಗಿತ್ತು. ಆದೇಶ ತೋರಿಸಿ ಎಂದು ಕೇಳಿದೆವು. ಅಲ್ಲಿದ್ದ ಹಿರಿಯರೊಬ್ಬರು ಇನ್ನೂ ಸರಳವಾಗಿ ಕೇಳಿದರು: "ಸಾಹೇಬ್ರ, ಒಂದ್ ಮಾತು ಮೊದಲೇ ಹೇಳಿದ್ರ ನಾವೇ ಬಿಚ್ಚತಿದ್ವಿ. ನೋಟಿಸ್ ಯಾಕ ಕೊಡಲಿಲ್ಲ?"

ಬಂದ ಉತ್ತರ: "ನೋಟಿಸ್ ಮಾಲೀಕರಿಗೆ ಕೊಟ್ಟಾಗಿದೆ. ನೀವೇನು ಮಾಲೀಕರಾ?"

ಈ ಒಂದು ಮಾತಿನ ಸುತ್ತಲೇ ಇಡೀ ಪತ್ರ ಇದೆ. ನನಗೆ ಆ ಅಧಿಕಾರಿಯ ಮೇಲೆ ಸಿಟ್ಟು ಬಂತು, ನಿಜ. ಆದರೆ ಮನೆಗೆ ಬಂದು ಕಾನೂನು ಓದುತ್ತಾ ಹೋದಂತೆ, ಅವರು ಹೇಳಿದ್ದು ಒರಟಾಗಿ ಇದ್ದರೂ ಬಹುಮಟ್ಟಿಗೆ ಈಗಿನ ಸ್ಥಿತಿಯೇ ಅದು ಅಂತ ಗೊತ್ತಾಯಿತು. ಶೆಡ್ಡಿನಲ್ಲಿ ಇರುವವನು ಮಾಲೀಕ ಅಲ್ಲ. ಕರಾರು ಪತ್ರ ಇಲ್ಲದ್ದರಿಂದ ಬಾಡಿಗೆದಾರನೂ ಅಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಕೊಳಗೇರಿ ನಿವಾಸಿಯೂ ಅಲ್ಲ. ಹಾಗಾದರೆ ಅವನು ಯಾರು? ಒಡೆಯುವ ದಿನ ಒಂದೇ ಅವನು ಸರ್ಕಾರದ ಕಣ್ಣಿಗೆ ಬೀಳುತ್ತಾನೆ.

ಅದಾದ ಮೇಲೆ ನಡೆದಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲ ಕಡೆ ನಡೆಯುವುದೇ. ಬಾಡಿಗೆ ವಸೂಲಿ ಮಾಡುತ್ತಿದ್ದವನ ಫೋನ್ ಸ್ವಿಚ್ ಆಫ್. ಅಡ್ವಾನ್ಸ್ ಹೋಯಿತು. ಒಂದು ಕಚೇರಿಯಲ್ಲಿ "ಇದು ಘೋಷಿತ ಕೊಳಗೇರಿ ಅಲ್ಲ, ನಮಗೆ ಬರಲ್ಲ" ಅಂದರು. ಇನ್ನೊಂದು ಕಡೆ "ಕಾರ್ಮಿಕರಲ್ವಾ, ಕಾರ್ಮಿಕ ಇಲಾಖೆಗೆ ಹೋಗಿ" ಅಂದರು. ಮೂರನೇ ಕಡೆ ರೇಷನ್ ಕಾರ್ಡ್ ನೋಡಿ "ನಿಮ್ಮದು ಸುರಪುರ ತಾಲೂಕು, ಮನೆ ಬೇಕಿದ್ದರೆ ಅಲ್ಲಿ ಅರ್ಜಿ ಹಾಕಿ" ಅಂದರು. ಸ್ವಲ್ಪ ದಿನ ಬಿಟ್ಟು ಅದೇ ಜನ ಎರಡು ಕಿಲೋಮೀಟರ್ ಆಚೆ ಇನ್ನೊಂದು ಖಾಲಿ ಸೈಟಿನಲ್ಲಿ ಹೊಸ ಅಡ್ವಾನ್ಸ್ ಕೊಟ್ಟು ಶೆಡ್ ಹಾಕಿದರು. ಹಾಗಾದರೆ ಈ ತೆರವಿನಿಂದ ಊರಿಗೆ ಆದ ಲಾಭ ಏನು? ಜನ ಊರು ಬಿಟ್ಟು ಹೋಗಲಿಲ್ಲ. ಅವರ ಕೈಯಲ್ಲಿದ್ದ ನಾಲ್ಕು ಕಾಸು ಹೋಯಿತು, ಮಕ್ಕಳಲ್ಲಿ ಕೆಲವರ ಶಾಲೆ ಹೋಯಿತು, ಅಷ್ಟೇ.

ಈಗ ಕಾನೂನಿನ ತೂತಿನ ಮಾತಿಗೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ 1973ರ ಕೊಳಗೇರಿ ಕಾಯ್ದೆ ಇದೆ. ಅದರ ಪ್ರಕಾರ ಸರ್ಕಾರ ಒಂದು ಪ್ರದೇಶವನ್ನು ಕೊಳಗೇರಿ ಎಂದು ಅಧಿಸೂಚನೆ ಹೊರಡಿಸಿ ಘೋಷಿಸಬೇಕು. ಘೋಷಣೆ ಆದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಣ್ಣು ಬೀಳುತ್ತದೆ, ನೀರು, ಚರಂಡಿ, ಮುಂದೆ ಎಂದೋ ಒಂದು ದಿನ ಹಕ್ಕುಪತ್ರ ಅಥವಾ ಮನೆ. ಘೋಷಣೆ ಆಗದಿದ್ದರೆ ಇದ್ಯಾವುದೂ ಇಲ್ಲ. ಘೋಷಿಸಲೇಬೇಕು ಅಂತ ಸರ್ಕಾರವನ್ನು ಕಟ್ಟಿಹಾಕುವ ಗಡುವು ಏನೂ ಇಲ್ಲ. ಖಾಸಗಿ ಜಾಗ ಆದರೆ ಫೈಲು ವರ್ಷಗಟ್ಟಲೆ ಕೂರುತ್ತದೆ. ದಶಕಗಳಿಂದ ಇರುವ, ಮೂರು ತಲೆಮಾರು ಕಂಡ ಸ್ಲಂಗಳಲ್ಲೇ ಘೋಷಣೆಗೆ ಕಾಯುತ್ತಾ ಕೂತವು ಇವೆ, ಇನ್ನು ನಾಲ್ಕು ವರ್ಷದ ನೀಲಿ ಶೆಡ್ ಯಾರ ಲೆಕ್ಕ?

ಲೆಕ್ಕದ ಮಾತೇ ಬಂತಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದ ಕೊಳಗೇರಿಗಳಲ್ಲಿ ಇದ್ದವರು ಸುಮಾರು 33 ಲಕ್ಷ. ಘೋಷಣೆ ಆಗದ ಕೊಳಗೇರಿಗಳನ್ನೂ ಗಣತಿ ಗುರುತಿಸುತ್ತದೆ, ಅದು ಸರಿ. ಆದರೆ ಅದಕ್ಕೆ ಒಂದು ಅಳತೆ ಇದೆ. ಕಡಿಮೆ ಅಂದರೂ 300 ಜನ, ಅಥವಾ 60-70 ಮನೆ ಒಟ್ಟಿಗೆ ಇರಬೇಕು. ನಾನು ಹೋಗುವ ಎಷ್ಟೋ ಕಡೆ ಮೂವತ್ತು, ನಲವತ್ತು ಶೆಡ್ ಇರುತ್ತವೆ. ಅವರು ಬಡವರೇ, ಅವರ ನೆಲವೂ ಕೆಸರೇ, ಆದರೆ ಲೆಕ್ಕದಲ್ಲಿ ಅದು ಕೊಳಗೇರಿ ಅಲ್ಲ. ಆಮೇಲೆ 2021ರ ಗಣತಿ ನಡೆಯಲೇ ಇಲ್ಲ. ಹದಿನೈದು ವರ್ಷದ ಹಿಂದಿನ ಅಂಕಿ ಇಟ್ಟುಕೊಂಡು ಬೆಂಗಳೂರಿನಂಥ ಊರಿನಲ್ಲಿ ವಸತಿ ಯೋಜನೆ ಮಾಡುತ್ತಿದ್ದೇವೆ.

ಪಟ್ಟಿಯಲ್ಲಿ ಇದ್ದರೆ ಮನುಷ್ಯ, ಇಲ್ಲದಿದ್ದರೆ ಒತ್ತುವರಿ. ಈ ಕಥೆ ಹಳೆಯದು. 1981ರಲ್ಲಿ ಮುಂಬೈಯ ಫುಟ್‌ಪಾತ್ ವಾಸಿಗಳನ್ನು ಅಲ್ಲಿನ ಸರ್ಕಾರ ಎತ್ತಂಗಡಿ ಮಾಡಲು ಹೊರಟಾಗ ಪತ್ರಕರ್ತೆ ಓಲ್ಗಾ ಟೆಲಿಸ್, ಜೊತೆಗೆ ಫುಟ್‌ಪಾತ್ ವಾಸಿಗಳು, ಹಕ್ಕುಗಳ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ತೀರ್ಪು ಬಂತು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದು ಕೋರ್ಟ್ ಹೇಳಿತು. ಎಲ್ಲರೂ ಭಾಷಣದಲ್ಲಿ ಹೇಳುವುದು ಅಷ್ಟನ್ನೇ. ಆ ತೀರ್ಪಿನ ಕೊನೆಯನ್ನೂ ಓದಬೇಕು. ತೆರವು ತಪ್ಪು ಎಂದು ಕೋರ್ಟ್ ಹೇಳಲಿಲ್ಲ. ಮಳೆಗಾಲ ಮುಗಿಯುವ ತನಕ ಕಾಯಿರಿ ಎಂದಿತು, ಬದಲಿ ಜಾಗ ಕೊಡಿ ಎಂದಿತು, ಆದರೆ ಯಾರಿಗೆ? 1976ರ ಎಣಿಕೆಯಲ್ಲಿ ಇದ್ದವರಿಗೆ. ನೋಡಿ, ಅಲ್ಲೂ ಪಟ್ಟಿ.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಆರೋಪಿಗಳ ಮನೆ ಕೆಡವುವುದರ ವಿರುದ್ಧದ 'ಬುಲ್ಡೋಜರ್' ಪ್ರಕರಣದಲ್ಲಿ ಕೊಟ್ಟ ತೀರ್ಪು ನಿಮಗೆಲ್ಲ ಗೊತ್ತಿದೆ. 15 ದಿನದ ನೋಟಿಸ್, ಅಹವಾಲು ಕೇಳುವುದು, ಕಾರಣ ಬರೆದ ಆದೇಶ, ಆಮೇಲೆ ಮತ್ತೆ 15 ದಿನ, ಒಡೆಯುವಾಗ ವಿಡಿಯೊ, ಪಾಲಿಸದ ಅಧಿಕಾರಿಯ ಕಿಸೆಯಿಂದಲೇ ಪರಿಹಾರ. ಓದುವಾಗ ಖುಷಿಯಾಯಿತು. ಆದರೆ ಅದೇ ತೀರ್ಪಿನಲ್ಲಿ, ರಸ್ತೆ, ಫುಟ್‌ಪಾತ್, ರೈಲ್ವೆ ಹಳಿ ಪಕ್ಕ, ನದಿ, ಕೆರೆಯಂಥ ಜಾಗದಲ್ಲಿ ಅನಧಿಕೃತವಾಗಿ ಇರುವುದಕ್ಕೆ ಇದು ಅನ್ವಯ ಆಗುವುದಿಲ್ಲ ಎಂದೂ ಇದೆ. ನಗರದಲ್ಲಿ ಬಡವರಿಗೆ ಸಿಗುವ ಜಾಗ ಯಾವುದು ಹೇಳಿ? ರಾಜಕಾಲುವೆ ಅಂಚು, ಹಳಿ ಪಕ್ಕ, ಕೆರೆ ಬದಿ. ಒಳ್ಳೆ ಜಾಗ ಅವರಿಗೆ ಯಾರು ಬಿಡುತ್ತಾರೆ? ಅಲ್ಲದೆ ನೋಟಿಸ್ ಹೋಗಬೇಕಾದ್ದು ಕಟ್ಟಡದ ಮಾಲೀಕರಿಗೆ ಮತ್ತು ವಾಸ ಇರುವವರಿಗೆ ಎಂದು ಎಷ್ಟು ಬರೆದರೂ, ಬಿದಿರಿನ ಶೆಡ್ಡನ್ನು ಕಟ್ಟಡ ಎಂದು ಒಪ್ಪದವರಿಗೆ ಅದು ನಾಟುವುದಿಲ್ಲ.

ನಮ್ಮ ಊರಿನ ಅನುಭವವೂ ಕಮ್ಮಿ ಇಲ್ಲ. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿ ಬಡಾವಣೆಯಲ್ಲಿ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು ಎಬ್ಬಿಸಿದರು. ಅಲ್ಲೂ ಜನ ಎರಡು ಪಾಲಾದರು: ಮೊದಲು ಮನೆ ಹಂಚಿಕೆಯಾಗಿದ್ದವರು, ಮತ್ತು ಉಳಿದವರು. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಇಲ್ಲಿರುವವರು ಬಾಂಗ್ಲಾದೇಶಿಗಳು ಅಂತ ಒಂದು ವಿಡಿಯೊ ಹರಿದಾಡಿದ ಮೇಲೆ ಜೋಪಡಿಗಳನ್ನು ಕೆಡವಿದರು. ಅಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಇದ್ದರು, ಅಸ್ಸಾಂ, ತ್ರಿಪುರಾದವರು ಇದ್ದರು, ಕೈಯಲ್ಲಿ ಆಧಾರ್, ವೋಟರ್ ಕಾರ್ಡು ಹಿಡಿದು ಟಿವಿ ಕ್ಯಾಮೆರಾಗಳಿಗೆ ತೋರಿಸಿದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಹೈಕೋರ್ಟ್ ಆ ತೆರವು ಸರಿಯಲ್ಲ ಎಂದಿತು, ಸರ್ಕಾರವೇ ಅವರಿಗೆ ವ್ಯವಸ್ಥೆ ಮಾಡಬೇಕು ಎಂದಿತು. ಒಳ್ಳೆಯದೇ. ಆದರೆ ಹೈಕೋರ್ಟಿಗೆ ಹೋಗುವ ಹೊತ್ತಿಗೆ ಶೆಡ್ ಬಿದ್ದಾಗಿರುತ್ತದೆ. ಮತ್ತು ಪ್ರತಿ ನಲವತ್ತು ಶೆಡ್ಡಿಗೂ ಒಬ್ಬ ವಕೀಲರನ್ನು ಹುಡುಕುವುದು ಆಗುವ ಮಾತಲ್ಲ.

ಈಗ ನೀವು ಹೇಳಬಹುದು, ಪಟ್ಟಿ ಇಲ್ಲದೆ ರಕ್ಷಣೆ ಕೊಡುವುದು ಹೇಗೆ, ಅಂಥ ಕಾನೂನು ಎಲ್ಲಾದರೂ ಇದೆಯಾ ಅಂತ. ಇದೆ. ದೂರ ಹೋಗುವುದೇ ಬೇಡ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ತೆಗೆದು ನೋಡಿ. ಅದರ 3ನೇ ಕಲಂ ಹೇಳುವುದು ಏನು? ಮೊದಲು ಸಮೀಕ್ಷೆ ಮಾಡಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಅಂದರೆ ಅಲ್ಲಿ ಪಟ್ಟಿ ಮಾಡುವ ಹೊಣೆ ಸರ್ಕಾರದ್ದು, ಪಟ್ಟಿ ಆಗಿಲ್ಲ ಎಂಬ ಕಾರಣಕ್ಕೆ ಏಟು ವ್ಯಾಪಾರಿಗೆ ಬೀಳುವುದಿಲ್ಲ. ಆ ಕಾಯ್ದೆ ಸುಮ್ನೆ ಬಂದಿದ್ದಲ್ಲ, ತಳ್ಳುಗಾಡಿಯವರ ಸಂಘಟನೆಗಳು ವರ್ಷಗಟ್ಟಲೆ ಬಡಿದಾಡಿ ತಂದಿದ್ದು. ಜಾರಿಯಲ್ಲಿ ನೂರು ಕೊರತೆ ಇರಬಹುದು, ಆದರೆ ಬರೆದಿರುವ ಮಾತು ಗಟ್ಟಿ ಇದೆ. ನನ್ನ ಪರಿಚಯದ ಒಬ್ಬ ಅಕ್ಕ ಹಗಲು ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಾರೆ, ರಾತ್ರಿ ಶೆಡ್ಡಿನಲ್ಲಿ ಮಲಗುತ್ತಾರೆ. ಅವರ ಗಾಡಿಗೆ ದೇಶದ ಕಾನೂನಿನ ರಕ್ಷಣೆ ಇದೆ. ಅವರು, ಅವರ ಮಕ್ಕಳು ಮಲಗುವ ಜಾಗಕ್ಕೆ ಇಲ್ಲ. ಇದು ಸರೀನಾ?

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು, ಏಕೆಂದರೆ ಅದನ್ನು ಮಾಡಿದ್ದು ನೀವೇ. ಭೂ ಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಿದಿರಿ, 2017ರಲ್ಲಿ ಅದು ಜಾರಿಗೆ ಬಂತು. 'ವಾಸಿಸುವವನೇ ಮನೆಯ ಒಡೆಯ' ಎಂದು ಊರೂರಲ್ಲಿ ಬ್ಯಾನರ್ ಕಟ್ಟಿದಿರಿ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ಕ್ಯಾಂಪ್, ದೊಡ್ಡಿ, ಹೀಗೆ ಕಂದಾಯ ದಾಖಲೆಯಲ್ಲಿ ಊರೇ ಅಲ್ಲದ ಊರುಗಳಲ್ಲಿ, ಬೇರೆಯವರ ಹೆಸರಿನ ಜಮೀನಿನಲ್ಲಿ ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಇದ್ದವರಿಗೆ ಅದರಿಂದ ಹಕ್ಕುಪತ್ರ ಸಿಗುವಂತಾಯಿತು. ಇದರ ಕೀರ್ತಿಗೆ ಯಾರೂ ಹಿಂದೆ ಬೀಳಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ ಪ್ರಧಾನಿಯೇ ಬಂದು 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆಗೆ ಚಾಲನೆ ಕೊಟ್ಟರು. 2025ರ ಮೇ ತಿಂಗಳಲ್ಲಿ ಹೊಸಪೇಟೆಯ ಸಮಾವೇಶದಲ್ಲಿ ಈಗಿನ ಸರ್ಕಾರ ಒಂದು ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಎಂದು ಘೋಷಿಸಿತು. ನಿಜಕ್ಕೂ ದೊಡ್ಡ ಕೆಲಸ, ಮನಸಾರೆ ಹೇಳುತ್ತೇನೆ.

ಆದರೆ ಯೋಚನೆ ಮಾಡಿ. ಆ ತಾಂಡಾದಲ್ಲಿ ಹಕ್ಕುಪತ್ರ ಪಡೆದ ಮನೆಯಲ್ಲಿ ಈಗ ಇರುವವರು ಯಾರು? ಅಜ್ಜ ಅಜ್ಜಿ. ಮಗ, ಸೊಸೆ, ಮೊಮ್ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಯಾವುದೋ ಕಟ್ಟಡದ ಪಕ್ಕದ ಶೆಡ್ಡಿನಲ್ಲಿ. ಅದೇ ಕುಟುಂಬ. ಊರಲ್ಲಿ ಅವರಿಗೆ 'ದಾಖಲೆ ಇಲ್ಲದಿದ್ದರೂ ನೀನೇ ಒಡೆಯ' ಎಂದ ಸರ್ಕಾರ, ಇಲ್ಲಿ 'ನೀನೇನು ಮಾಲೀಕನಾ' ಎಂದು ಕೇಳುತ್ತದೆ. ಬಸ್ಸಿನಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಹಕ್ಕು ಕರಗಿ ಹೋಗುವುದು ಹೇಗೆ?

ತಪ್ಪು ತಿಳಿಯಬೇಡಿ, ಪ್ರತಿ ಶೆಡ್ಡಿನವರಿಗೂ ಅವರು ಕೂತ ಸೈಟನ್ನೇ ಬರೆದುಕೊಡಿ ಎಂದು ನಾನು ಕೇಳುತ್ತಿಲ್ಲ. ಅವರೂ ಕೇಳುತ್ತಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ವಸತಿ ಯೋಜನೆಗಳೆಲ್ಲ ಎಡವುವುದು ಇಲ್ಲೇ. ನಮ್ಮಲ್ಲಿ ವಸತಿ ಎಂದರೆ ಸ್ವಂತ ಮನೆ. 2015ರ ಪ್ರಧಾನಮಂತ್ರಿ ಆವಾಸ್ ಇರಲಿ, ರಾಜ್ಯದ ಯೋಜನೆಗಳಿರಲಿ, ಬಹುಮಟ್ಟಿಗೆ ಫಲಾನುಭವಿ, ವಂತಿಗೆ, ಬ್ಯಾಂಕ್ ಸಾಲ, ಕೊನೆಗೆ ಕೀ. ಗಾರೆ ಕೆಲಸದವರಿಗೆ ಯಾವ ಬ್ಯಾಂಕ್ ಸಾಲ ಕೊಡುತ್ತದೆ? ಮನೆ ಸಿಕ್ಕರೂ ಅದು ಊರಾಚೆ, ಎರಡು ಬಸ್ ಬದಲಿಸಬೇಕು. ಅದಕ್ಕಿಂತ ಮುಖ್ಯವಾಗಿ, ಇವರಲ್ಲಿ ಬಹಳ ಮಂದಿಗೆ ಇಲ್ಲಿ ಸ್ವಂತ ಮನೆ ಬೇಡ. ಊರಲ್ಲಿ ಮನೆ ಇದೆ, ಎರಡೆಕರೆ ತೊಗರಿ ಇದೆ, ಜಾತ್ರೆಗೆ ಹೋಗಬೇಕು, ರಾಶಿಗೆ ಹೋಗಬೇಕು. ಇಲ್ಲಿ ಅವರಿಗೆ ಬೇಕಿರುವುದು ಕೆಲಸದ ಹತ್ತಿರ ಒಂದು ಬಾಡಿಗೆ ರೂಮು, ನೀರು, ಕಕ್ಕಸು, ಮಕ್ಕಳಿಗೆ ನಡೆದು ಹೋಗುವ ದೂರದಲ್ಲಿ ಶಾಲೆ, ನಾಳೆ ಬೆಳಿಗ್ಗೆ ಯಾರೂ ಬಂದು ಒಡೆಯುವುದಿಲ್ಲ ಎಂಬ ನೆಮ್ಮದಿ. ಈಗ ಕೊಡುತ್ತಿರುವ ಬಾಡಿಗೆಯನ್ನೇ ಕೊಡಲು ತಯಾರಿದ್ದಾರೆ. ಅಂಥ ಸಾರ್ವಜನಿಕ ಬಾಡಿಗೆ ಮನೆಗಳನ್ನು ಕಟ್ಟಿ ನಡೆಸುವ ಬಗ್ಗೆ ನಮ್ಮ ಸದನದಲ್ಲಿ ಒಂದು ಒಳ್ಳೆ ಚರ್ಚೆ ಆಗಿದ್ದನ್ನು ನಾನಂತೂ ಕಂಡಿಲ್ಲ.

ಕಟ್ಟಡ ಕಾರ್ಮಿಕರ ಮಟ್ಟಿಗೆ ಇದು ಕಾನೂನಿನಲ್ಲೇ ಇದ್ದ ಮಾತು. 1996ರಲ್ಲಿ ಸಂಸತ್ತು ಮಾಡಿದ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲೇ ಅಥವಾ ಹತ್ತಿರದಲ್ಲಿ ಕೆಲಸ ಕೊಟ್ಟ ಮಾಲೀಕನೇ ಉಚಿತವಾಗಿ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ಜಾಗ ಇರಬೇಕು ಎಂದು ಬರೆದಿದ್ದರು. ಮೂವತ್ತನೇ ಮಹಡಿಯಲ್ಲಿ ಈಜುಕೊಳ ಮಾಡುವ ಬಿಲ್ಡರಿಗೆ ಇದು ಕಷ್ಟದ ಕೆಲಸ ಅಲ್ಲ. ಆದರೆ ನಡುವೆ ಮೇಸ್ತ್ರಿ ಇರುತ್ತಾನೆ, ಅವನ ಮೇಲೆ ಸಬ್ ಕಾಂಟ್ರಾಕ್ಟರ್, ಅವನ ಮೇಲೆ ಇನ್ನೊಬ್ಬ. ಮಾಲೀಕ ಯಾರು ಎಂದು ಹುಡುಕುವಷ್ಟರಲ್ಲಿ ಕಟ್ಟಡದ ಗೃಹಪ್ರವೇಶ ಆಗಿರುತ್ತದೆ.

ಇನ್ನು ಇದು ದಾನ ಧರ್ಮದ ಮಾತಲ್ಲ ಎಂಬುದಕ್ಕೆ ಒಂದು ದಾಖಲೆ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 1979ರಲ್ಲಿ ಒಪ್ಪಿಕೊಂಡಿದೆ. ಅದರ 11ನೇ ವಿಧಿಯಲ್ಲಿ ಸಾಕಷ್ಟು ಒಳ್ಳೆಯ ವಸತಿ ಎಲ್ಲರ ಹಕ್ಕು ಎಂದಿದೆ. ಒಳ್ಳೆಯ ವಸತಿ ಅಂದರೆ ಏನು ಎಂದು ವಿಶ್ವಸಂಸ್ಥೆಯ ಸಮಿತಿ 1991ರಲ್ಲಿ ಬಿಡಿಸಿ ಹೇಳಿದೆ. ಸೂರು ಒಂದಿದ್ದರೆ ಸಾಲದು. ಎಬ್ಬಿಸುತ್ತಾರೆಂಬ ಭಯ ಇರಬಾರದು, ನೀರು ನೈರ್ಮಲ್ಯ ಇರಬೇಕು, ಕೈಗೆಟಕುವ ಖರ್ಚು ಇರಬೇಕು, ಕೆಲಸ, ಶಾಲೆ, ಆಸ್ಪತ್ರೆಗೆ ಹತ್ತಿರ ಇರಬೇಕು. 1997ರಲ್ಲಿ ಅದೇ ಸಮಿತಿ ಬಲವಂತದ ತೆರವಿನ ಬಗ್ಗೆ ಹೇಳಿತು: ಮೊದಲು ಜನರ ಜೊತೆ ಕೂತು ಮಾತಾಡಬೇಕು, ಸಾಕಷ್ಟು ಮುಂಚೆ ತಿಳಿಸಬೇಕು, ರಾತ್ರಿ ಹೊತ್ತು, ಕೆಟ್ಟ ಹವಾಮಾನದಲ್ಲಿ ಮಾಡಬಾರದು, ಯಾರೂ ಬೀದಿಗೆ ಬೀಳಬಾರದು. ಮೂಲ ಒಪ್ಪಂದಕ್ಕೆ ದಿಲ್ಲಿ ಒಪ್ಪಿ ನಲವತ್ತು ವರ್ಷದ ಮೇಲಾಯಿತು. ದಕ್ಷಿಣ ಆಫ್ರಿಕಾದವರು ಇದನ್ನು ನೇರ ಸಂವಿಧಾನದಲ್ಲೇ ಬರೆದರು, ಕೋರ್ಟಿನ ಆದೇಶ ಇಲ್ಲದೆ ಯಾರ ಮನೆಯನ್ನೂ ಕೆಡವುವಂತಿಲ್ಲ ಎಂದು. ನಮ್ಮಲ್ಲೇ ಒಡಿಶಾ 2017ರಲ್ಲಿ ಕೊಳಗೇರಿ ನಿವಾಸಿಗಳ ಭೂ ಹಕ್ಕಿನ ಕಾಯ್ದೆ ಮಾಡಿತು, ಆಮೇಲೆ ಡ್ರೋನ್ ಹಾರಿಸಿ, ಬಸ್ತಿಯ ಜನರನ್ನೇ ಜೊತೆಗೆ ಕೂರಿಸಿಕೊಂಡು ಅಳತೆ ಮಾಡಿತು. ನಮ್ಮ ಡ್ರೋನುಗಳು ಮಾತ್ರ ಒತ್ತುವರಿ ಹುಡುಕಲು ಹಾರುತ್ತವೆ.

ಒತ್ತುವರಿ ಎಂದಾಗ ನನ್ನಂಥ ಮಧ್ಯಮ ವರ್ಗದವರಿಗೂ ಒಂದು ಮಾತು ಹೇಳಬೇಕು, ನೀವು ಬೇಜಾರು ಮಾಡಿಕೊಳ್ಳಬೇಡಿ, ಇದು ನಮ್ಮ ಮನೆ ಜಗಳ. ಕೆರೆ ಉಳಿಸಿ, ಫುಟ್‌ಪಾತ್ ಉಳಿಸಿ ಎಂದು ಅರ್ಜಿ ಹಾಕುವವರೂ ನಾಗರಿಕ ಸಂಘಟನೆಯವರೇ, ಶೆಡ್ ಒಡೆಯಬೇಡಿ ಎನ್ನುವವರೂ ಅವರೇ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ನೀರು ನುಗ್ಗಿದ ಮೇಲೆ ರಾಜಕಾಲುವೆ ತೆರವು ಶುರುವಾಯಿತಲ್ಲ, ದೊಡ್ಡ ಕಾಂಪೌಂಡ್‌ಗಳ ಹತ್ತಿರ ಬಂದಾಗ ಸರ್ವೆ, ಮರು ಸರ್ವೆ, ತಡೆಯಾಜ್ಞೆ. ಆ ಅವಕಾಶ ಅವರಿಗೆ ಸಿಕ್ಕಿದ್ದು ತಪ್ಪಲ್ಲ. ಅದೇ ಅವಕಾಶ ಶೆಡ್ಡಿನವರಿಗೆ ಯಾಕಿಲ್ಲ ಎಂದು ಕೆರೆ ಪರ ಅರ್ಜಿ ಹಾಕುವಾಗಲೇ ನಾವು ಒಂದು ಸಾಲು ಸೇರಿಸಬಹುದಿತ್ತು. ಬಹಳ ಸಂಘಗಳು ಸೇರಿಸಲಿಲ್ಲ. ಇದಕ್ಕೆ ಶಾಸಕರನ್ನು ಬೈದು ಪ್ರಯೋಜನ ಇಲ್ಲ.

ಹಾಗೆಯೇ ನಿಮ್ಮಲ್ಲಿ ಕೆಲವರು ಸ್ಲಂ ಸಂಘಟನೆಗಳನ್ನು ಕಂಡರೆ 'ಎನ್‌ಜಿಒದವರು, ಅಭಿವೃದ್ಧಿಗೆ ಅಡ್ಡಗಾಲು' ಎನ್ನುತ್ತೀರಿ. ಸ್ವಲ್ಪ ಹತ್ತಿರ ಹೋಗಿ ನೋಡಿ. ಸ್ಲಂ ಜನಾಂದೋಲನದಂಥ ಸಂಘಟನೆಗಳಲ್ಲಿ ಧರಣಿ ಕೂರುವವರು ಸ್ಲಂನಲ್ಲೇ ಹುಟ್ಟಿ ಬೆಳೆದ ಹೆಂಗಸರು, ಪೌರಕಾರ್ಮಿಕರು, ಬೀಡಿ ಕಟ್ಟುವವರು. ವಸತಿ ಹಕ್ಕಿಗೆ ಕಾನೂನು ಬೇಕು, ನಗರದ ಬಡವರಿಗಾಗಿ ಭೂಮಿ ಮೀಸಲಿಡಿ ಎಂದು ಅವರು ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ನಾನು ಹೊಸದೇನೂ ಹೇಳುತ್ತಿಲ್ಲ. ಅವರು ಕೇಳಿದ್ದಕ್ಕೆ ಪಟ್ಟಿಯಲ್ಲೇ ಇಲ್ಲದ ಶೆಡ್ಡಿನವರನ್ನೂ ಸೇರಿಸಿ ಎನ್ನುತ್ತಿದ್ದೇನೆ.

ನಮ್ಮ ಕೋರಿಕೆ ಇಷ್ಟು. ಮುಂದಿನ ಅಧಿವೇಶನದಲ್ಲಿ ಒಂದು ಮಸೂದೆ ತನ್ನಿ. ಸರ್ಕಾರವೇ ತಂದರೆ ಒಳ್ಳೆಯದು, ಇಲ್ಲದಿದ್ದರೆ ನಿಮ್ಮಲ್ಲಿ ಯಾರಾದರೂ ಖಾಸಗಿ ಮಸೂದೆ ತನ್ನಿ. ಜನ ವಾಸ ಇರುವ ಯಾವ ಸೂರನ್ನೂ, ಅದು ಸಿಮೆಂಟಿನದಿರಲಿ ಟಾರ್ಪಾಲಿನದಿರಲಿ, ಅಲ್ಲಿರುವವರ ಸಮೀಕ್ಷೆ ಮುಗಿದು ಅವರ ಕೈಗೆ ಒಂದು ಚೀಟಿ ಸಿಗುವ ತನಕ ಮುಟ್ಟುವಂತಿಲ್ಲ ಎಂದು ಅದರಲ್ಲಿ ಬರೆಯಿರಿ. ಜಾಗ ಸರ್ಕಾರದ್ದಾದರೂ ಅಷ್ಟೇ, ಖಾಸಗಿಯಾದರೂ ಅಷ್ಟೇ, ಘೋಷಣೆ ಆಗಿದ್ದರೂ ಆಗದಿದ್ದರೂ ಅಷ್ಟೇ. ನೋಟಿಸ್ ವಾಸ ಇರುವವರ ಕೈಗೇ ಹೋಗಬೇಕು, ಅವರಿಗೆ ತಿಳಿಯುವ ಭಾಷೆಯಲ್ಲಿ, ಅವರು ಕೆಲಸದಿಂದ ಬಂದ ಮೇಲೆ. ಸಮೀಕ್ಷೆಯಲ್ಲಿ ಅಲ್ಲಿನ ಜನರದೇ ಇಬ್ಬರು ಮೂವರು, ಆ ಭಾಗದ ಸಂಘಟನೆಯವರು ಇರಬೇಕು. ಕಾಲುವೆ ಅಂಚಿನಂಥ ಅಪಾಯದ ಜಾಗದಿಂದ ಎಬ್ಬಿಸಲೇಬೇಕು ಎಂದರೆ ಎಬ್ಬಿಸಿ, ನಾವೇ ಸಾಮಾನು ಹೊರುತ್ತೇವೆ, ಆದರೆ ಎಲ್ಲಿಗೆ ಹೋಗಬೇಕು ಎಂದು ಮೊದಲು ತೋರಿಸಿ, ಮತ್ತು ಆ ಜಾಗ ಅವರ ಕೆಲಸದಿಂದ ಒಂದು ಬಸ್ಸಿನ ದೂರದಲ್ಲಿ ಇರಲಿ. ಪರೀಕ್ಷೆ ಸಮಯದಲ್ಲಿ, ಮಳೆಗಾಲದಲ್ಲಿ ತೆರವು ಬೇಡ. ಊರಿನ ರೇಷನ್ ಕಾರ್ಡ್ ತೋರಿಸಿ ಇಲ್ಲಿನ ಹಕ್ಕು ಇಲ್ಲ ಎನ್ನುವಂತಿರಬಾರದು.

ಇದಕ್ಕೆ ಸೇರಿದ ಎರಡು ಕೆಲಸಕ್ಕೆ ಮಸೂದೆಯೇ ಬೇಕಿಲ್ಲ. ಒಂದು, 2027ರ ಜನಗಣತಿ ಬರುತ್ತಿದೆ. ಅದರ 60 ಮನೆಯ ಅಳತೆಗೆ ಸಿಗದ ಚಿಕ್ಕ ಶೆಡ್ ಗುಂಪುಗಳನ್ನು ರಾಜ್ಯ ಸರ್ಕಾರವೇ ಬೇರೆಯಾಗಿ ಎಣಿಸಲಿ. ಇನ್ನೊಂದು, ನೂರಾರು ಫ್ಲ್ಯಾಟಿನ ಕಟ್ಟಡಕ್ಕೆ ಅನುಮತಿ ಕೊಡುವಾಗ ಕಾರ್ಮಿಕರು ಎಲ್ಲಿ ಉಳಿಯುತ್ತಾರೆ ಎಂದು ನಕ್ಷೆಯಲ್ಲೇ ತೋರಿಸುವಂತೆ ಕೇಳಿ, ಕೊನೆಗೆ ಸ್ವಾಧೀನಾನುಭವ ಪತ್ರ (ಒಸಿ) ಕೊಡುವಾಗ ಅದನ್ನು ಪಾಲಿಸಿದ್ದಾರಾ ಎಂದು ನೋಡಿ.

ಖರ್ಚಿನ ಮಾತು ಬರುತ್ತದೆ ಎಂದು ಗೊತ್ತು. ಬಾಡಿಗೆ ವಸತಿ ಕಟ್ಟಲು ದುಡ್ಡು ಬೇಕು, ಜಾಗ ಬೇಕು, ವರ್ಷಗಳು ಬೇಕು. ಅದು ನಿಧಾನಕ್ಕೆ ಆಗಲಿ. ಎಣಿಸುವ ತನಕ ಒಡೆಯುವುದಿಲ್ಲ ಎಂದು ಬರೆಯಲು ಖಜಾನೆಯಿಂದ ಒಂದು ರೂಪಾಯಿಯೂ ಬೇಡ.

ಈ ಪತ್ರದ ಪ್ರತಿಯನ್ನು ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಇದನ್ನು ಓದುವವರು ನಿಮ್ಮ ನಿಮ್ಮ ಶಾಸಕರಿಗೂ ಕೊಡಿ, ಬೇಕಾದ ಹಾಗೆ ತಿದ್ದಿಕೊಳ್ಳಿ, ನಿಮ್ಮ ಏರಿಯಾದಲ್ಲಿ ಕಂಡಿದ್ದನ್ನು ಸೇರಿಸಿ. ಮಾನ್ಯ ಸದಸ್ಯರಲ್ಲಿ ಯಾರಾದರೂ ಮಸೂದೆಯ ಕರಡಿಗೆ ಕೂರಲು ತಯಾರಿದ್ದರೆ, ಶೆಡ್ಡಿನಲ್ಲಿ ಇರುವವರನ್ನೇ ನಿಮ್ಮ ಕಚೇರಿಗೆ ಕರೆದುಕೊಂಡು ಬರುತ್ತೇವೆ. ಒಂದೇ ಷರತ್ತು, ಸಮಯ ಭಾನುವಾರ ಕೊಡಿ. ಬೇರೆ ದಿನ ಬಂದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ.

ಇಂತಿ,
ಬೆಂಗಳೂರಿನ ಒಬ್ಬ ಮತದಾರ